ಅಣ್ಣನ ಮಂಚ

ರೋಗಿಗಳ ಮಂಚ, ಗಾಲಿಕುರ್ಚಿ, ವಾಕರ್ ಬಾಡಿಗೆಗೆ ಕೊಡುವ ಆ ಅಂಗಡಿಯಲ್ಲಿ ಯಾವ ಸಾಮಾನಿಗೂ ನಂಬರಿರಲಿಲ್ಲ. ಕೊನೆಯ ಸಲ ಬಳಸಿದವರ ಗುರುತೇ ಅದರ ಹೆಸರು: ವಕೀಲರ ಕುರ್ಚಿ, ಟೈಲರ್ ಮಂಚ. ಮುಂದಿನವರು ಬಳಸಿ ಹಿಂದಿರುಗಿಸಿದರೆ ಹೆಸರೂ ಬದಲು. ಈ ರೂಢಿ ಹಾಕಿದವನು ಅಂಗಡಿಯ ಯಜಮಾನ. ಅವನು ತೀರಿಕೊಂಡ ಮೇಲೆ ಅಂಗಡಿ ಅವನ ಹೆಂಡತಿ ಮತ್ತು ತಮ್ಮನ ಕೈಗೆ ಬಂತು. ಮೈದುನ ಅವಳನ್ನು 'ಅತ್ತಿಗೆ' ಎನ್ನುವುದನ್ನು ಕೇಳಿ ಕೇಳಿ, ವ್ಯಾನ್ ಓಡಿಸುವವನಿಗೂ ಅವಳು ಅತ್ತಿಗೆಯೇ.

ಬುಕಿಂಗ್ ಸಾಫ್ಟ್‌ವೇರ್ ತಂದದ್ದು ಮೈದುನ. ಅದರಲ್ಲಿ ಪ್ರತಿ ಸಾಮಾನಿಗೂ ಎರಡು ಖಾನೆ: ಒಂದರಲ್ಲಿ ಅಂಗಡಿಯವರು ಕರೆಯುವ ಹೆಸರು, ಇನ್ನೊಂದರಲ್ಲಿ ಗಿರಾಕಿಗೆ ಕಾಣುವ ಹೆಸರು. ಕಮೋಡ್ ಕುರ್ಚಿ ಎನ್ನಲು ನಾಚಿ ಅವನು ಗಿರಾಕಿಯ ಖಾನೆಯಲ್ಲಿ 'ವಿಶೇಷ ಗೌರವಾಸನ' ಎಂದು ಬರೆದ. ಯಾವುದೋ ಸಂಘದವರು ಮುಖ್ಯ ಅತಿಥಿಗೆಂದು ಅದನ್ನು ತರಿಸಿಕೊಂಡರು. ಅತಿಥಿ ಕೂರುವ ಮೊದಲು ಯಾರೋ ಸೀಟು ಎತ್ತಿ ನೋಡಿದ್ದು ಪುಣ್ಯ.

"ಸಾಕಪ್ಪಾ ನಿನ್ನ ಸಾಹಿತ್ಯ. ಇಲ್ಲಿ ಕೊಡು," ಎಂದು ಅತ್ತಿಗೆ ಕಂಪ್ಯೂಟರಿನ ಮುಂದೆ ತಾನೇ ಕೂತಳು.

ಎಲ್ಲಕ್ಕೂ ಇದ್ದದ್ದನ್ನು ಇದ್ದ ಹಾಗೆ ಬರೆದಳು. ಒಂದನ್ನು ಮಾತ್ರ ಬಿಟ್ಟಳು. 'ಅಣ್ಣನ ಮಂಚ'. ಅವಳ ಗಂಡ ಕೊನೆಯ ತಿಂಗಳುಗಳನ್ನು ಕಳೆದದ್ದು ಅದರ ಮೇಲೆ, ಹೆಸರಿಟ್ಟವನು ಮೈದುನ. ಬೇರೆಯವರು ಮಲಗಿ ಎದ್ದರೆ ಆ ಹೆಸರು ಹೋಗುತ್ತದೆ. ಗಿರಾಕಿಯ ಖಾನೆ ಖಾಲಿ ಬಿಟ್ಟರೆ ಮಂಚ ಯಾರಿಗೂ ಕಾಣದು ಎಂದು ಅವಳ ಲೆಕ್ಕ. ಸಾಫ್ಟ್‌ವೇರಿನ ಲೆಕ್ಕ ಬೇರೆ: ಖಾಲಿ ಇದ್ದರೆ ಅಂಗಡಿಯವರು ಕರೆಯುವ ಹೆಸರನ್ನೇ ಎತ್ತಿ ತೋರಿಸುತ್ತಿತ್ತು. ವಾರದೊಳಗೆ ಯಾರೋ ಅದನ್ನು ಬುಕ್ ಮಾಡಿದರು.

"ಉಳಿದ ಮಂಚ ಎಲ್ಲಾ ಹೊರಗಿದೆ ಅತ್ತಿಗೆ. ಕೊಟ್ಬಿಡೋಣ," ಎಂದ ಮೈದುನ.

"ನಿಮ್ಮಣ್ಣ ಹೋಗಿ ಇನ್ನೂ ವರ್ಷ ತುಂಬಿಲ್ಲ ಕಣೋ."

ಅಷ್ಟರಲ್ಲಿ ಫೋನು ಬಂತು. ಬುಕ್ ಮಾಡಿದ ಹುಡುಗಿ.

"ಅಮ್ಮಾ, ಅಣ್ಣನ ಮಂಚ ಅಂತಿದೆಯಲ್ಲ, ಯಾರು ಅಣ್ಣ?"

"ನಮ್ಮ ಮನೆಯವರು."

"ಹುಷಾರಾದ್ರಾ?"

ಈ ಪ್ರಶ್ನೆಗೆ ಅಂಗಡಿಯಲ್ಲಿ ಒಂದು ಸಿದ್ಧ ಉತ್ತರವಿತ್ತು: ಆರಾಮಾಗಿದ್ದಾರೆ. ಎಲ್ಲಿ ಎಂದು ಯಾರೂ ಕೇಳುತ್ತಿರಲಿಲ್ಲ. ಈ ಸಲ ಅದು ನಾಲಿಗೆಗೆ ಬರಲಿಲ್ಲ.

"ಇಲ್ಲಮ್ಮ, ಹೋಗಿಬಿಟ್ರು. ಆ ಮಂಚ ತಪ್ಪಿ ಕಾಣಿಸ್ಕೊಂಡಿದೆ. ಕ್ಯಾನ್ಸಲ್ ಮಾಡ್ತೀನಿ."

ಹುಡುಗಿ ಫೋನಿಡಲಿಲ್ಲ.

"ಅಪ್ಪನ್ನ ಮನೆಗೆ ಕರ್ಕೊಂಡು ಹೋಗಿ ಅಂದ್ಬಿಟ್ಟಿದಾರೆ ಡಾಕ್ಟ್ರು. ಇರೋದು ನಾನೊಬ್ಳೇ. ಈಗಿರೋ ಮಂಚದಲ್ಲಿ ದಿಂಬು ಇಟ್ಟು ಕೂರಿಸ್ತೀನಿ, ಜಾರಿಬಿಡ್ತಾರೆ. ಎಳೆದು ಮೇಲಕ್ಕೆ ತರೋದ್ರಲ್ಲಿ ಇಬ್ರೂ ಅಳ್ತೀವಿ."

"ಎಳೀಬೇಡ!" ಅತ್ತಿಗೆಯ ದನಿ ಅವಳಿಗೇ ಜೋರೆನಿಸಿತು. "ಎಳೆದ್ರೆ ಬೆನ್ನಿನ ಚರ್ಮ ಕಿತ್ತು ಬರುತ್ತೆ. ಈ ನಮ್ಮ ಮಂಚದಲ್ಲಿ ಎರಡು ಗುಂಡಿ ಇದೆ ನೋಡು, ಮೊದಲು ಮಂಡಿ ಕಡೇದು ಒತ್ತು, ಆಮೇಲೆ ತಲೆ ಕಡೇದು. ಆಗ ಜಾರಲ್ಲ. ನಂಗೆ ಅದು ತಿಳಿಯೋ ಹೊತ್ತಿಗೆ ಅವರ ಬೆನ್ನೆಲ್ಲ ಹುಣ್ಣಾಗಿತ್ತು."

ಹೇಳಿ ಮುಗಿಸಿದ ಮೇಲೆ, ಮಂಚ ಆಗಲೇ ಕೊಟ್ಟಾಗಿದೆ ಎಂದು ಅವಳಿಗೆ ಹೊಳೆಯಿತು. ಹುಡುಗಿಯ ವಿಳಾಸ ಇನ್ನೊಮ್ಮೆ ಕೇಳಿ ಫೋನಿಟ್ಟಳು.

ಮೈದುನ ಮೆಲ್ಲಗೆ ಹೇಳಿದ: "ವಾಪಸ್ ಬಂದ ಮೇಲೂ ಅಣ್ಣನ ಹೆಸರೇ ಇರ್ಲಿ ಅತ್ತಿಗೆ. ಕೇಳೋರು ಯಾರು?"

"ಬೇಡಪ್ಪಾ. ಆ ಹುಡುಗಿ ಅಪ್ಪನೂ ಅದರ ಮೇಲೇ ತಾನೆ ನರಳೋದು? ಅವರ ಹೆಸರೂ ಒಂದಷ್ಟು ದಿನ ಇರ್ಲಿ."

ಮಂಚ ವ್ಯಾನ್ ಹತ್ತಿದ ಮೇಲೆ ಅತ್ತಿಗೆ ಆ ಖಾಲಿ ಖಾನೆಯನ್ನು ತೆರೆದಳು. 'ಮೋಟರ್ ಮಂಚ. ತಲೆ, ಮಂಡಿ ಎರಡೂ ಕಡೆ ಏಳುತ್ತದೆ,' ಎಂದು ಬರೆದಳು. ಅದರ ಕೆಳಗೆ 'ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗವಿದೆ,' ಎಂದು ಸೇರಿಸಿದಳು.

ಓದಿ ನೋಡಿ ಆ ಕೊನೆಯ ಸಾಲನ್ನು ಅಳಿಸಿದಳು. ಸುಳ್ಳು ಬರೆಯುವ ಹಾಗಿಲ್ಲ. ಮೂರಡಿ ಅಗಲದ ಮಂಚದಲ್ಲಿ ಅಂಥ ಜಾಗವೇನಿಲ್ಲ. ಅವಳು ಕೂತಿದ್ದಳು, ನಿಜ. ಗಂಡ ಹೇಗೋ ಸರಿದುಕೊಡುತ್ತಿದ್ದ.