ಎತ್ತಿ ತಂದ ಕಲ್ಲು

ಜೆಸಿಬಿಯ ಹಲ್ಲು ರಾಚಮ್ಮನ ಮೊಣಕಾಲಿಗೆ ಒಂದು ಮಾರು ದೂರದಲ್ಲಿ ಬಂದು ನಿಂತಿತು. ಅವಳು ಅಲುಗಲಿಲ್ಲ. ಮತ್ತಿ ಮರದ ಬುಡದಲ್ಲಿ, ಕುಂಕುಮ ಮೆತ್ತಿದ ಮೊಳದುದ್ದದ ಕರಿಕಲ್ಲಿನ ಮುಂದೆ ಕಾಲು ಚಾಚಿ ಕುಳಿತು ಎಲೆಅಡಿಕೆ ಜಗಿಯುತ್ತಿದ್ದಳು.

ಡ್ರೈವರ್ ಚೆಲುವರಾಜು ಎಂಜಿನ್ ಆಫ್ ಮಾಡಿ ತಲೆ ಹೊರಗೆ ಹಾಕಿದ. "ಅಮ್ಮೋ, ಎದ್ದೇಳಮ್ಮ. ನಂಗೂ ಬ್ಯಾರೆ ಕೆಲ್ಸ ಅದೆ."

"ಓಗಪ್ಪ, ಮಾಡ್ಕೊ ಓಗು. ನಾನೇನ್ ನಿನ್ನ ಇಡ್ಕೊಂಡಿದ್ದೀನಾ?"

ನಂಜನಗೂಡಿನಿಂದ ಬಂದಿದ್ದ ಫಾದರ್ ಅಂತೋಣಿರಾಜ್ ನೆಲದ ಮೇಲೆ ಎಳೆದಿದ್ದ ಸುಣ್ಣದ ಗೆರೆಯನ್ನು ದಾಟಿ ಹತ್ತಿರ ಬಂದರು. ಇನ್ನೂ ಮೂವತ್ತು ತುಂಬದ ಪಾದ್ರಿ. ಹೆಡಿಯಾಲ ದಾಟಿ ಕಾಡಿನ ಅಂಚಿನಲ್ಲಿರುವ ಈ ಜೇನುಕುರುಬರ ಹಾಡಿಗೆ ಒಂದು ಚರ್ಚು, ಅದರ ಪಕ್ಕದಲ್ಲೇ ಹೆಣ್ಣುಮಕ್ಕಳಿಗೆ ಹಾಸ್ಟೆಲ್ಲು ಮಂಜೂರು ಮಾಡಿಸಿಕೊಂಡು ಬಂದಿದ್ದರು. ಹಾಡಿಯಲ್ಲಿ ಸಮತಟ್ಟಾದ ಜಾಗ ಇದ್ದದ್ದು ಈ ಮರದ ಸುತ್ತ ಮಾತ್ರ. ಉಳಿದದ್ದು ಇಳಿಜಾರು, ಅದರಾಚೆ ಆನೆ ಕಂದಕ, ಕಂದಕದಾಚೆ ಫಾರೆಸ್ಟಿನವರ ನೆಲ.

"ತೆರೇಸಮ್ಮ," ಎಂದರು ಫಾದರ್. ಅದು ರಾಚಮ್ಮ ಕ್ರೈಸ್ತಳಾದಾಗ ಇಟ್ಟ ಜ್ಞಾನಸ್ನಾನದ ಹೆಸರು. "ಕಲ್ಲನ್ನ ಯಾರೂ ಒಡೆಯಲ್ಲ. ಕಂದಕದ ಹತ್ತಿರ ಇಡ್ತೀವಿ, ಗೌರವವಾಗೇ."

"ಕಂದಕದ ತಾವ ನಾವು ನಿಂತ್ರೇ ಗಾರ್ಡು ಕೇಸಾಕ್ತೀನಿ ಅಂತಾನೆ ಸಾಮಿ. ಇದ್ರ ಮ್ಯಾಲೂ ಕೇಸಾಕ್ಲಿ ಅಂತೀರಾ?"

ನಿಂತಿದ್ದವರಲ್ಲಿ ಯಾರೋ ನಕ್ಕರು. ಫಾದರ್ ನಗಲಿಲ್ಲ. "ನಿಮ್ಮ ಮೊಮ್ಮಗಳು ಗೌತಮಿಗೇ ಹಾಸ್ಟೆಲ್ಲಲ್ಲಿ ಜಾಗ ಇಟ್ಟಿದ್ದೀವಿ. ಯೋಚನೆ ಮಾಡಿ. ಜ್ಞಾನಸ್ನಾನ ತಗೊಂಡ ಮೇಲೆ ಇದನ್ನೂ ಇಟ್ಕೊಳ್ತೀನಿ, ಅದನ್ನೂ ಇಟ್ಕೊಳ್ತೀನಿ ಅಂದ್ರೆ ಆಗಲ್ಲ."

ರಾಚಮ್ಮ ತಾಂಬೂಲ ಉಗುಳಿ ಬಾಯಿ ಒರೆಸಿಕೊಂಡಳು.

ಕಾಡನ್ನು ಹುಲಿಗಳಿಗೆ ಬಿಡಬೇಕೆಂದು ಅವರನ್ನೆಲ್ಲ ಕೆಳಕ್ಕೆ ಇಳಿಸಿದಾಗ ಅವಳು ಲಂಗದ ಹುಡುಗಿ. ಅಪ್ಪ ಪಾತ್ರೆಪಗಡ ಬಿಟ್ಟು ಈ ಕಲ್ಲನ್ನು ಗೋಣಿಯಲ್ಲಿ ಸುತ್ತಿ ತಲೆಯ ಮೇಲೆ ಹೊತ್ತ. ಇಳಿಸಿದಲ್ಲೆಲ್ಲ ಯಾರಾದರೂ ಬಂದು ಎಬ್ಬಿಸುತ್ತಿದ್ದರು. ಕೆರೆ ಏರಿಯ ಮೇಲಿಂದ ಎಬ್ಬಿಸಿದರು, ಹೊಲದ ಬದುವಿನಿಂದ ಅಟ್ಟಿದರು. ಕೊನೆಗೆ ಈ ಮರದ ಕೆಳಗೆ ಇಳಿಸಿದಾಗ ಅಪ್ಪನ ಕುತ್ತಿಗೆ ಓರೆಯಾಗಿ ಹೋಗಿತ್ತು. ಸಾಯುವ ತನಕ ಅದು ನೆಟ್ಟಗಾಗಲಿಲ್ಲ.

"ಎಷ್ಟೋ ಸಲ ಎತ್ಸವ್ರೆ ಸಾಮಿ," ಎಂದಳು. "ಇನ್ನೊಂದ್ಸಲ ಎತ್ತಾಕಿಲ್ಲ."

ಅಷ್ಟರಲ್ಲಿ ಸಿಸ್ಟರ್ ಜಪಮಾಲೆ ಶಾಲೆಯ ಕೋಣೆಯಿಂದ ಹೊರಗೆ ಬಂದರು. ಇಪ್ಪತ್ತು ವರ್ಷದಿಂದ ಆ ಕೋಣೆಯಲ್ಲಿ ಹಗಲು ಮಕ್ಕಳಿಗೆ ಪಾಠ, ಸಂಜೆ ಕ್ಷಯದವರಿಗೆ ಮಾತ್ರೆ, ಫಾದರ್ ಬಂದ ಭಾನುವಾರ ಪೂಜೆ. ರಾಚಮ್ಮನ ಮಗ ಮಾದೇಶನನ್ನು ಆನೆ ತುಳಿದಾಗ ಪೋಸ್ಟ್‌ಮಾರ್ಟಂ ಆಗಿ ಬಂದ ಹೆಣದ ಪಕ್ಕ ಬೆಳಗಿನವರೆಗೆ ಕೂತವರು ಇವರೇ. ಆಮೇಲೆ ಪ್ರತಿ ನವೆಂಬರಿನಲ್ಲಿ, ಸತ್ತವರಿಗಾಗಿ ಪ್ರಾರ್ಥಿಸುವ ದಿನ, ತಮ್ಮ ಸ್ವಂತ ತಂದೆಯ ಹೆಸರಿನ ಜೊತೆಗೆ "ಮಾದೇಶ" ಎಂದೂ ಕೂಗಿ ಓದುತ್ತಿದ್ದರು. ಹಾಗೆ ಕೂಗಿಸಿಕೊಳ್ಳಲು ಅವನು ನಿಮ್ಮ ದೇವರಿಗೆ ಏನಾಗಬೇಕೆಂದು ರಾಚಮ್ಮ ಒಮ್ಮೆ ಕೇಳಿದ್ದಳು. "ಮಗ ಆಗ್ಬೇಕು," ಎಂದಿದ್ದರು ಸಿಸ್ಟರ್. ಮರುವರ್ಷ ಅವಳು ತಾನಾಗಿಯೇ ಹೋಗಿ ತಲೆಯ ಮೇಲೆ ನೀರು ಹಾಕಿಸಿಕೊಂಡಳು.

"ಸಿಸ್ಟರ್, ನೀವಾದ್ರೂ ಹೇಳಿ," ಎಂದರು ಫಾದರ್.

ಸಿಸ್ಟರ್ ರಾಚಮ್ಮನ ಪಕ್ಕ ಮಣ್ಣಿನಲ್ಲಿ ಕುಳಿತರು. ಮಂಡಿ ನೋವಿದ್ದುದರಿಂದ ಕೂರುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. "ಗೆರೆ ಬದಲಾಯಿಸಿ ಫಾದರ್. ಚಿಕ್ಕದಾಗೇ ಕಟ್ಟೋಣ."

"ಪ್ಲಾನ್ ನನ್ನ ಕೈಯಲ್ಲಿಲ್ಲ. ಮಂಜೂರಾದ ದುಡ್ಡು ವಾಪಸ್ ಹೋಗುತ್ತೆ. ಮೇಲಿನವರು ನಿಮ್ಮನ್ನೂ ಇಲ್ಲಿ ಇಟ್ಟುಕೊಳ್ಳಲ್ಲ."

"ಗೊತ್ತು."

ಇಬ್ಬರೂ ಏಳದಿದ್ದಾಗ ಜೆಸಿಬಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಅಂದು ರಾತ್ರಿ ಗೌತಮಿ ಅಜ್ಜಿಯನ್ನು ಮಾತಾಡಿಸದೆ ಮುದ್ದೆ ಬಡಿಸಿಕೊಂಡು ಮೂಲೆಗೆ ಹೋಗಿ ಉಂಡಳು. ಹಾಸ್ಟೆಲ್ಲಿನಲ್ಲಿ ಫ್ಯಾನ್ ಇರುತ್ತದೆಂದು ಅವಳಿಗೆ ಯಾರೋ ಹೇಳಿದ್ದರು.

ಸುದ್ದಿ ಹೆಡಿಯಾಲದ ಅಂಗಡಿಗಳಿಗೆ ಮುಟ್ಟಿತು. ಗೊಬ್ಬರದಂಗಡಿಯ ಮಲ್ಲಿಕಾರ್ಜುನ್ ನಾಲ್ಕು ಜನರನ್ನು ಕರೆದುಕೊಂಡು, ಒಂದು ಹಾರ, ಒಂದು ಶಾಲು ಹಿಡಿದು ಬಂದ. ಜೊತೆಯವನೊಬ್ಬ ಮೊಬೈಲ್ ಎತ್ತಿ ಹಿಡಿದ.

"ರಾಚಮ್ಮ, ನೀನು ಮಾಡಿದ್ದು ದೊಡ್ಡ ಕೆಲ್ಸ ಕಣಮ್ಮ. ಬಲವಂತದಿಂದ ಸೇರಿಸ್ಕೊಂಡಿದ್ರು, ಈಗ ನಮ್ಮ ಧರ್ಮಕ್ಕೆ ವಾಪಸ್ ಬಂದೆ ಅಂತ ಎರಡು ಮಾತು ಹೇಳು ಸಾಕು."

ರಾಚಮ್ಮ ಅವನ ಮುಖವನ್ನೇ ನೋಡಿದಳು. "ನೀನು ಗಂಗಾಧರಸಾಮಿಗೌಡ್ರ ಮಗ ಅಲ್ವಾ?"

"ಹೌದು."

"ನಮ್ಮಪ್ಪ ಈ ಕಲ್ಲ ನಿಮ್ಮ ಒಲದ ಬದುಲಿ ಇಳ್ಸುದ್ದ. ನಿಮ್ಮಪ್ಪ ಬಾರುಕೋಲ್ ಇಡ್ಕೊಂಡು ಬಂದ್ರು. ಆಗ ಇದು ನಿಮ್ಮ ಧರ್ಮ ಆಗಿರ್ನಿಲ್ವಾ?"

ಮಲ್ಲಿಕಾರ್ಜುನ್ ಮೊಬೈಲಿನವನ ಕಡೆ ನೋಡಿ ಕೈಸನ್ನೆ ಮಾಡಿದ. ಅವನು ಕೈ ಇಳಿಸಿದ.

"ಯಾಕೆ, ಇಡ್ಕೊ," ಎಂದಳು ರಾಚಮ್ಮ. "ನಂಗೆ ಯಾರೂ ಬಲವಂತ ಮಾಡ್ನಿಲ್ಲ. ನಾನು ತೆರೇಸಮ್ಮನೂ ಔದು, ರಾಚಮ್ಮನೂ ಔದು. ನಾನು ಎಲ್ಗೂ ಓಗೇ ಇಲ್ಲ, ವಾಪಸ್ ಎಲ್ಲಿಂದ ಬರ್ಲಿ?"

ಅವರು ಹಾರವನ್ನು ಕಾರಿನಲ್ಲಿಟ್ಟುಕೊಂಡು ಹೊರಟುಹೋದರು.

ತಿಂಗಳೊಳಗೆ ಸಿಸ್ಟರಿಗೆ ತಿರುಮಕೂಡಲು ನರಸೀಪುರದ ಕಾನ್ವೆಂಟಿಗೆ ವರ್ಗವಾಯಿತು. ಇಡೀ ಹಾಡಿ ಬಸ್ಸಿನವರೆಗೆ ನಡೆದುಬಂತು. ಒಂದು ಟ್ರಂಕು, ಒಂದು ಚೀಲ, ಹಾಡಿಯವರು ಕೊಟ್ಟ ಜೇನಿನ ಬಾಟಲಿ.

"ನಂಗೋಸ್ಕರ ನೀವ್ ಕೆಟ್ರಿ ಸಿಸ್ಟ್ರಮ್ಮ," ಎಂದಳು ರಾಚಮ್ಮ.

"ನಾನು ನಿನಗೋಸ್ಕರ ಕೂರಲಿಲ್ಲ ರಾಚವ್ವ. ಅವತ್ತು ಎದ್ದು ಹೋಗಿದ್ರೆ ಇನ್ನು ಯಾವತ್ತೂ ಪ್ರಾರ್ಥನೆ ಮಾಡೋಕೆ ಬಾಯಿ ಬರ್ತಿರಲಿಲ್ಲ." ಬಸ್ಸು ಹತ್ತಿ ಕಿಟಕಿಯಿಂದ ಬಗ್ಗಿದರು. "ನರಸೀಪುರಕ್ಕೆ ಬಾ."

"ನೀವೇ ಬನ್ನಿ. ನಾ ಇಲ್ಲೇ ಇರ್ತೀನಿ."

ಮುಂದಿನ ಭಾನುವಾರ ಫಾದರ್ ಅಂತೋಣಿರಾಜ್ ಬೈಕಿನಲ್ಲಿ ಬಂದು ಅದೇ ಕೋಣೆಯಲ್ಲಿ ಪೂಜೆ ಮಾಡಿದರು. ಪರಮಪ್ರಸಾದಕ್ಕೆ ಮೊದಲು ನಿಂತು, ಎರಡು ದೇವರಿಗೆ ಕೈ ಮುಗಿಯುವವರು ಈ ಪ್ರಸಾದ ತೆಗೆದುಕೊಳ್ಳಬಾರದು ಎಂದರು. ಹೆಸರು ಹೇಳಲಿಲ್ಲ. ಯಾರೂ ತಿರುಗಿ ನೋಡಲೂ ಇಲ್ಲ.

ಸಾಲಿನಲ್ಲಿ ಮೊದಲು ಬಂದು ನಿಂತವಳು ರಾಚಮ್ಮ. ಎಡಗೈಯನ್ನು ಬಲಗೈ ಮೇಲಿಟ್ಟು ಮುಂದಕ್ಕೆ ಚಾಚಿದಳು. ಫಾದರ್ ಬೆರಳಲ್ಲಿ ಹಿಡಿದಿದ್ದ ಬಿಳಿಯ ರೊಟ್ಟಿ ಅರ್ಧದಲ್ಲೇ ನಿಂತಿತು.

"ಪಕ್ಕಕ್ಕೆ ಬನ್ನಿ ತೆರೇಸಮ್ಮ," ಎಂದರು ಮೆಲ್ಲಗೆ.

ಅವಳು ಪಕ್ಕಕ್ಕೆ ಸರಿಯಲಿಲ್ಲ. ಫಾದರ್ ಅವಳ ಹಿಂದಿದ್ದವಳನ್ನು ಕಣ್ಣಲ್ಲೇ ಕರೆದರು. ಹಿಂದೆ ಇದ್ದದ್ದು ಗೌತಮಿ. ಅವಳು ಅಜ್ಜಿಯ ಸೆರಗಿನ ಹಿಂದೆ ಹಾಗೇ ನಿಂತಳು. ಅವಳ ಹಿಂದಿನವರೂ ಯಾರೂ ಅಜ್ಜಿಯನ್ನು ಬಳಸಿ ಮುಂದೆ ಬರಲಿಲ್ಲ. ಕೋಣೆಯಲ್ಲಿ ಒಂದು ಮಗು ಕೆಮ್ಮಿತು. ರಾಚಮ್ಮನ ಕೈ ಚಾಚಿದ ಹಾಗೇ ಇತ್ತು, ಅಂಗೈಯ ಗೆರೆಗಳಲ್ಲಿ ಬೆಳಿಗ್ಗೆ ಕಲ್ಲಿಗೆ ಹಚ್ಚಿದ ಅರಿಶಿನ ಇನ್ನೂ ಹೋಗಿರಲಿಲ್ಲ.