ಗೂಳಿ ಗೆದ್ದಿದ್ದಲ್ಲ

"ಹನ್ನೊಂದು ಸಲದ ಚಾಂಪಿಯನ್, ನಿಮ್ಮೆಲ್ಲರ ಕರಿಗೂಳಿ!" ಎಂದು ಮೈಕಿನವನು ಕೂಗಿದ್ದೇ ತಡ, ಕ್ರೀಡಾಂಗಣವೆಲ್ಲ ಎದ್ದು ನಿಂತಿತು. ಆಳೆತ್ತರದ ಚಕ್ರಗಳ ಆ ದೈತ್ಯ ಟ್ರಕ್ಕು ಗುಡುಗುತ್ತ ಕಣಕ್ಕಿಳಿಯಿತು. ಕಿಟಕಿಯಿಂದ ಕೈಬೀಸುತ್ತಿದ್ದವನು ಟ್ರೆಂಟ್, ಮಾಲೀಕ ಹಾರ್ಲನ್‌ನ ಅಳಿಯ. ಅವನು ಹುಟ್ಟಿದಾಗಿನಿಂದ ಒಂದು ಪಂದ್ಯವನ್ನೂ ಗೆದ್ದವನಲ್ಲ.

ಗೂಳಿಯನ್ನು ಓಡಿಸಿ ಆ ಹನ್ನೊಂದನ್ನೂ ಗೆದ್ದಿದ್ದ ವೆಲ್ಡಾ ರಸ್ಕ್ ಈಗ ಅದರ ಹಿಂದೆ, ಹಾರ್ಲನ್‌ನದೇ ಆದ 'ಹಸಿರು ಕಪ್ಪೆ' ಎಂಬ ಹೊಸ ಟ್ರಕ್ಕಿನಲ್ಲಿ ಕೂತು ಹಲ್ಲು ಕಡಿಯುತ್ತಿದ್ದಳು. ಈ ಆಟದಲ್ಲಿ ಗೆಲುವು ಟ್ರಕ್ಕಿನ ಹೆಸರಿಗೆ, ಹೆಸರು ಮಾಲೀಕನ ಸ್ವತ್ತು. ಮುರಿದ ಮೂಳೆಗಳನ್ನು ಮಾತ್ರ ಯಾರೂ ಟ್ರಕ್ಕಿನ ಲೆಕ್ಕಕ್ಕೆ ಸೇರಿಸಲಿಲ್ಲ, ಅವೆಲ್ಲ ವೆಲ್ಡಾಳ ಪಾಲಿಗೇ ಉಳಿದವು. ಇದು ಯಾವ ಸೀಮೆಯ ನ್ಯಾಯ?

ಮಧ್ಯಾಹ್ನ ಹಾರ್ಲನ್ ಬೆಣ್ಣೆ ಹಚ್ಚಲು ಬಂದಿದ್ದ. "ನೋಡು ವೆಲ್ಡಾ, ಫೈನಲ್ಲಲ್ಲಿ ಗೂಳಿ ಎದುರಾದ್ರೆ ಕೊನೇ ತಿರುವಲ್ಲಿ ಪೆಡಲಿಂದ ಸ್ವಲ್ಪ ಕಾಲು ತೆಗಿ. ಜನ ಬರೋದೇ ಗೂಳಿ ನೋಡೋಕೆ."

"ನಿನ್ನ ಅಳಿಯನ್ನ ನೋಡೋಕಲ್ವಾ?"

"ಅವನ್ಯಾರೋ, ನೀನ್ಯಾರೋ. ಜನಕ್ಕೆ ಗೂಳಿ ಗೊತ್ತು, ಅಷ್ಟೇ. ಅದು ಸೋತ್ರೆ ನಾಳೆಯಿಂದ ನೀನು ಬರೋದು ಬೇಡ."

ಫೈನಲ್ಲಿನಲ್ಲಿ ಗೂಳಿಯೇ ಎದುರಾಯಿತು. ಎರಡೂ ಟ್ರಕ್ಕುಗಳು ಅಕ್ಕಪಕ್ಕದಲ್ಲೇ ಗುಜರಿ ಕಾರುಗಳ ಮೇಲೆ ಹಾರಿದವು. ಕೊನೆಯ ತಿರುವಿನಲ್ಲಿ ಗೂಳಿ ಹಿಂಭಾಗ ಜಾರಿಸುತ್ತದೆಂದು ವೆಲ್ಡಾಳಿಗೆ ಗೊತ್ತಿತ್ತು, ಟ್ರೆಂಟ್‌ಗೆ ಗೊತ್ತಿರಲಿಲ್ಲ. ಅವನು ಅಡ್ಡಡ್ಡ ಜಾರಿ ಮಣ್ಣಿನ ದಿಬ್ಬಕ್ಕೆ ಗುದ್ದಿದ. ವೆಲ್ಡಾ ಕಾಲು ತೆಗೆಯುವುದಿರಲಿ, ಪೆಡಲನ್ನು ನೆಲಕ್ಕೇ ಒತ್ತಿ ಗೆರೆ ದಾಟಿದಳು.

ಮೈಕಿನವನು ಓಡಿ ಬಂದ. "ಹಸಿರು ಕಪ್ಪೆಗೆ ಮೊದಲ ಗೆಲುವು! ಕಪ್ಪೆಯ ದಾಖಲೆ ಇವತ್ತಿಂದ ಶುರು!"

ವೆಲ್ಡಾಳಿಗೆ ಮೈಯೆಲ್ಲ ಉರಿದುಹೋಯಿತು. ಮೈಕು ಕಿತ್ತುಕೊಂಡಳು. "ಕಪ್ಪೆ ಗೆದ್ದಿಲ್ಲ. ಗೂಳೀನೂ ಯಾವತ್ತೂ ಗೆದ್ದಿರ್ಲಿಲ್ಲ. ಗೆದ್ದಿದ್ದು ನಾನು, ವೆಲ್ಡಾ ರಸ್ಕ್. ಇದು ನನ್ನ ಹನ್ನೆರಡನೇದು."

ಹಾರ್ಲನ್ ಕೈಸನ್ನೆ ಮಾಡಿದ, ಮೈಕು ಸತ್ತಿತು. ಅವಳು ಅದನ್ನು ಮಣ್ಣಿಗೆಸೆದು ಟ್ರಕ್ಕಿನ ನೆತ್ತಿಗೆ ಹತ್ತಿ ಬರಿಗಂಟಲಲ್ಲೇ ಕೂಗತೊಡಗಿದಳು. "ಎರಡು ಸಾವಿರದ ಒಂಬತ್ತು, ವಿಚಿಟಾದಲ್ಲಿ ಮೊದಲ್ನೇದು. ಎರಡು ಸಾವಿರದ ಹನ್ನೊಂದು, ಟಲ್ಸಾ, ಆವತ್ತು ಭುಜ ಮುರೀತು. ಎರಡು ಸಾವಿರದ ಹನ್ನೆರಡು, ಅಮರಿಲ್ಲೊ, ಒಂದು ಚಕ್ರ ಕಿತ್ಕೊಂಡು ಹೋಗಿತ್ತು, ಮೂರರಲ್ಲೇ ಗೆದ್ದೆ..."

"ಇಳಿ ಕೆಳಗೆ," ಹಾರ್ಲನ್ ಕೆಳಗಿನಿಂದ ಅರಚಿದ. "ನಿನ್ನ ಕೆಲಸ ಹೋಯ್ತು."

"ಹೋಗ್ಲಿ ಬಿಡು. ಇನ್ನೂ ಎಂಟಿದೆ, ಸುಮ್ನೆ ಕೇಳು."

ಎಂಜಿನ್ನಿನ ಸದ್ದಿಗೆಂದು ಹಾಕಿಕೊಂಡಿದ್ದ ಕಿವಿಮುಚ್ಚಳಗಳನ್ನು ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ತೆಗೆದರು. ವೆಲ್ಡಾ ಗಂಟಲು ಬಿರಿಯುವಂತೆ ಒಂದೊಂದೇ ಊರು, ಒಂದೊಂದೇ ವರ್ಷ ಹೇಳಿ ಮುಗಿಸಿದಳು. ಆಗ ಗೂಳಿಯ ಚಿತ್ರದ ಅಂಗಿ ತೊಟ್ಟಿದ್ದ ದಪ್ಪನೆಯ ಹೆಂಗಸೊಬ್ಬಳು ಬಾಯಿಗೆ ಕೈ ಅಡ್ಡವಿಟ್ಟು ಕೂಗಿದಳು.

"ವೆಲ್ಡಾ, ಹಿಂದಿನವ್ರಿಗೆ ಕೇಳಿಸ್ಲಿಲ್ವಂತೆ. ಮೊದ್ಲಿಂದ ಹೇಳು."

ವೆಲ್ಡಾ ಉಗುಳು ನುಂಗಿ ಮತ್ತೆ ವಿಚಿಟಾದಿಂದ ಶುರು ಮಾಡಿದಳು.