ಅಂಬ್ರೋಸನ ಗ್ಲಾಸು

"ಇದನ್ನ ಯಾರು ಕುಡೀತಾರೆ?"

ಬ್ರೈಡ್ ಹರ್ನ್ ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ಕೌಂಟರಿನ ಕೊನೆಯಲ್ಲಿ, ಖಾಲಿ ಸ್ಟೂಲಿನ ಎದುರು, ಒಂದು ಗ್ಲಾಸಿನಲ್ಲಿ ಎರಡು ಬೆರಳಷ್ಟು ರಮ್ ಇತ್ತು. ಹಿಂದಿನ ಗೋಡೆಗೆ 'ಅಂಬ್ರೋಸನ ಜಾಗ' ಎಂಬ ಹಿತ್ತಾಳೆಯ ಫಲಕ.

ಕೌಂಟರ್ ಒರೆಸುತ್ತಿದ್ದ ಟ್ರೀನಾ ತಲೆಯೆತ್ತಿದಳು. "ನಮ್ಮ ದೆವ್ವ ಕಣಜ್ಜಿ. ಕಂಠಪೂರ್ತಿ ಕುಡಿದು ನೆಲಮಾಳಿಗೆ ಮೆಟ್ಟಿಲಿಂದ ಉರುಳಿ ಸತ್ತೋನು. ದಿನಾ ಒಂದು ಗ್ಲಾಸ್ ಇಡದಿದ್ರೆ ರಾತ್ರಿಯೆಲ್ಲ ಪೀಪಾಯಿ ಉರುಳಿಸ್ತಾನಂತೆ."

"ನೀನು ಕೇಳಿಸ್ಕೊಂಡಿದ್ದೀಯಾ?"

"ನಾನಂತೂ ಇಲ್ಲಪ್ಪ. ಬೆಳಿಗ್ಗೆ ಬಂದ್ರೆ ಗ್ಲಾಸ್ ಖಾಲಿ ಇರುತ್ತೆ, ಅದು ನಿಜ. ಆದ್ರೆ ನಮ್ಮ ಓನರ್ರೂ ಕುಡಿಯೋರೇ."

"ಆ ಅಂಬ್ರೋಸ್ ನನ್ನ ಗಂಡ."

ಟ್ರೀನಾಳ ಕೈ ನಿಂತಿತು. ಬಟ್ಟೆಯನ್ನು ಅಲ್ಲೇ ಬಿಟ್ಟು ಓನರನ್ನು ಕರೆಯಲು ಒಳಗೆ ಹೋದಳು.

ಹೊರಗೆ ವಾಟರ್ ಸ್ಟ್ರೀಟಿನಲ್ಲಿ ಬಂದರಿನ ಕಾವಳ ಮೇಲೇರುತ್ತಿತ್ತು. ಅಂಬ್ರೋಸ್ ಈ ಪಬ್ಬಿಗೆ ಪೀಪಾಯಿ ಇಳಿಸುತ್ತಿದ್ದವನು. ಮಗಳು ನೊರೀನ್ ಹುಟ್ಟಿದ ವರ್ಷ ಪಾದ್ರಿಗಳ ಮುಂದೆ ಮಂಡಿಯೂರಿ, ಇನ್ನು ಹೆಂಡ ಮುಟ್ಟುವುದಿಲ್ಲವೆಂದು ಪ್ರಮಾಣ ಮಾಡಿದ. ಮುಟ್ಟಲಿಲ್ಲ. ಆದರೆ ಗೆಳೆಯರ ಬಾಯಿಗೆ ಹೆದರುತ್ತಿದ್ದ. ಅವನಿಗಿಂತ ಮೊದಲು ಕುಡಿತ ಬಿಟ್ಟವನೊಬ್ಬನನ್ನು ಅವರು ಸಾಯುವತನಕ 'ಬಿಷಪ್ಪರೇ' ಎಂದು ಕರೆದು ಕಾಡಿದ್ದರು. ಅದಕ್ಕೇ ಬ್ರೈಡ್ ಬೆಳಿಗ್ಗೆ ಕಡು ಟೀ ಕಾಸಿ, ಆರಿಸಿ, ಬಾಟಲಿಗೆ ತುಂಬಿ ಕೊಡುತ್ತಿದ್ದಳು. ಅವನು ಅದನ್ನು ಯಾರೂ ಕಾಣದಂತೆ ರಮ್ಮಿನ ಗ್ಲಾಸಿಗೆ ಬಗ್ಗಿಸಿಕೊಂಡು, ಎಲ್ಲರ ಜೊತೆ ಎತ್ತಿ ಕುಡಿದು, ಎಲ್ಲರ ಹಾಗೆ ಮುಖ ಕಿವಿಚುತ್ತಿದ್ದ. "ಯಾರ ಹತ್ರಾನೂ ಬಾಯಿ ಬಿಡಬೇಡ ಕಣೆ," ಎಂದಿದ್ದ.

ಅವಳು ಬಿಡಲಿಲ್ಲ. ಅವನು ಬಿದ್ದ ದಿನ ಒಂದರ ಮೇಲೊಂದು ಗ್ಲಾಸು ಏರಿಸಿದ್ದನ್ನು ಇಡೀ ಪಬ್ಬೇ ಕಂಡಿತ್ತು. ಶವದ ಮುಂದೆ ನಿಂತು ಜನ ಪಿಸುಗುಟ್ಟಿದಾಗಲೂ, ದೇವರಿಗೆ ಗೊತ್ತಲ್ಲ ಎಂದು ಜಪಮಾಲೆ ಎಣಿಸುತ್ತ ಕೂತಿದ್ದಳು.

ಹೋದ ವಾರ ನೊರೀನ್ ಗೆಳತಿಯರ ಜೊತೆ ಊರಿನ ದೆವ್ವಗಳನ್ನು ತೋರಿಸುವ ಸುತ್ತಾಟಕ್ಕೆ ಹೋಗಿದ್ದಳು. ಅಲ್ಲಿ ಕುಡುಕ ಅಂಬ್ರೋಸನ ಕತೆ ಕೇಳಿ, ನೇರ ತಾಯಿಯ ಮನೆಗೆ ಬಂದು, ಕೋಟನ್ನೂ ತೆಗೆಯದೆ ಕೇಳಿದಳು: "ಅಪ್ಪ ನಮಗೆಲ್ಲ ಸುಳ್ಳು ಹೇಳ್ತಿದ್ನಾ?" ಬ್ರೈಡ್ ಟೀ ವಿಷಯ ಬಿಡಿಸಿ ಹೇಳಿದಳು. "ಸತ್ತ ಮೇಲೂ ಅವನನ್ನ ಕಾಪಾಡ್ಕೊಂಡು ಬರ್ತಿದ್ದೀಯಲ್ಲಮ್ಮ," ಎಂದು ಎದ್ದು ಹೋದವಳು ಮತ್ತೆ ಫೋನೂ ಮಾಡಿರಲಿಲ್ಲ.

ಓನರ್ ಗ್ಲೆನ್ ಸ್ಟಾಂಪ್ ಎರಡೂ ಕೈ ಚಾಚಿಕೊಂಡೇ ಬಂದ. "ಬನ್ನಿ ಮಿಸೆಸ್ ಹರ್ನ್, ಕೂತ್ಕೊಳ್ಳಿ. ಈ ಬೀದೀಲಿ ನಿಮ್ಮ ಯಜಮಾನರಷ್ಟು ಹೆಸರು ಮಾಡಿದೋರು ಇನ್ನೊಬ್ಬರಿಲ್ಲ."

ಅವಳು ಕೂರಲಿಲ್ಲ. ಎಲ್ಲವನ್ನೂ ನಿಂತೇ ಹೇಳಿದಳು. "ದೆವ್ವ ಬೇಕಾದ್ರೆ ಇಟ್ಕೊಳ್ಳಿ. ಕುಡುಕ ಅನ್ನಬೇಡಿ. ಅವನ ಮುಂದೆ ರಮ್ ಇಡಬೇಡಿ."

"ಟೀ ಕುಡಿಯೋ ದೆವ್ವ ನೋಡೋಕೆ ಇಲ್ಲಿಗ್ಯಾಕೆ ಬರಬೇಕು ತಾಯಿ? ನಮ್ಮತ್ತೆ ಮನೇಲೇ ಇದ್ದಾರೆ ಅಂತಾರೆ ಜನ." ತನ್ನ ಮಾತಿಗೆ ತಾನೇ ನಕ್ಕ. ಅವಳು ನಗಲಿಲ್ಲ. ಅವನು ಗಲ್ಲ ಕೆರೆದುಕೊಂಡ. ಆಮೇಲೆ ಏನನ್ನಿಸಿತೋ, ಗ್ಲಾಸೆತ್ತಿ ರಮ್ಮನ್ನು ಸಿಂಕಿಗೆ ಚೆಲ್ಲಿದ. ಟ್ರೀನಾ ತನಗೆಂದು ಕಾಸಿಟ್ಟುಕೊಂಡಿದ್ದ ಟೀಯನ್ನು ಅದಕ್ಕೆ ಬಗ್ಗಿಸಿ, ಇದ್ದಲ್ಲೇ ಇಟ್ಟ.

ಬಣ್ಣ ಒಂದಿಷ್ಟೂ ಬೇರೆಯಿರಲಿಲ್ಲ. ಬ್ರೈಡ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

ಅಷ್ಟರಲ್ಲಿ ಬಾಗಿಲು ತೆರೆದು ಕರಿಯ ನಿಲುವಂಗಿ ತೊಟ್ಟ, ದೆವ್ವದ ಸುತ್ತಾಟದ ಗೈಡ್ ಒಳಬಂದ. ಹಿಂದೆ ಒದ್ದೆ ಜಾಕೆಟ್ಟಿನ ಹತ್ತಾರು ಮಂದಿ, ಆಗಲೇ ಫೋನು ಎತ್ತಿ ಹಿಡಿದವರು. "ಓ ಅಲ್ಲಿ ನೋಡಿ, ಅಂಬ್ರೋಸನ ರಮ್," ಎಂದ ಗೈಡ್, ದನಿ ತಗ್ಗಿಸಿ. ಮುಂದಿದ್ದ ಹೆಂಗಸೊಬ್ಬಳು ಬ್ರೈಡಳ ಕಡೆ ನೋಡಿ ಪಕ್ಕದವನನ್ನು ತಿವಿದಳು. "ಆ ಅಜ್ಜಿನೂ ಆಟದಲ್ಲಿ ಸೇರಿದ್ದಾರಾ? ಪಾಪ, ಚೆನ್ನಾಗಿ ಮಾಡ್ತಾರೆ ಅಲ್ವಾ?"

ಗ್ಲೆನ್ ಕೌಂಟರಿನ ಮೇಲೆ ಬಾಗಿ ಬ್ರೈಡಳ ಕಿವಿಯ ಹತ್ತಿರ ಬಂದ. "ದಿನಾ ಟೀನೇ ಇಡ್ತೀನಿ, ನಮ್ಮಮ್ಮನಾಣೆ. ಆದ್ರೆ ಇವರಿಗೆ ಅದು ರಮ್ಮೇ ಆಗಿರ್ಲಿ. ಅಂಬ್ರೋಸೂ ಹಾಗೇ ತಾನೇ ನಡೆಸ್ಕೊಂಡು ಬಂದಿದ್ದು? ಯಾರಿಗೂ ಹೇಳಬೇಡಿ, ಅಷ್ಟು ಮಾಡಿ."

ಬ್ರೈಡ್ ಅವನ ಕಡೆ ತಿರುಗಲಿಲ್ಲ. ಫೋನು ಹಿಡಿದು ನಗುತ್ತ ಕಾಯುತ್ತಿದ್ದವರ ಕಡೆಗೇ ಮುಖ ಮಾಡಿ ನಿಂತಳು.

"ಆಗೋದಿಲ್ಲ," ಎಂದಳು.